ಕಡಲೆ ಕಡಿದು ಹೇಳುವ ಒಂಬತ್ತು ಮಂದಿ

ಅಣ್ಣಿಗೇರಿಯ ಎರೆ ಹೊಲಗಳಲ್ಲಿ ಕಡಲೆ ರಾಶಿ ಮಾಡಿದ ಮೇಲೆ ಒಂದು ಪ್ರಶ್ನೆ ಉಳಿದಿರುತ್ತದೆ: ಕಾಳು ಒಣಗ್ಯಾವೋ ಇಲ್ಲೋ? ಹಸಿ ಕಾಳು ಚೀಲ ಸೇರಿದರೆ ಬೂಷ್ಟು ಹಿಡಿಯುತ್ತದೆ. ರೈತ ಒಂದು ಕಾಳನ್ನು ಹಲ್ಲಿಗೆ ಕೊಡುತ್ತಾನೆ. ಕಟಕ್ಕನೆ ಒಡೆದರೆ ಸರಿ. ಹಲ್ಲು ಮೆತ್ತಗೆ ಒಳಗಿಳಿದರೆ ಇನ್ನೊಂದು ಬಿಸಿಲು ಬೇಕು. ಅನುಮಾನ ಬಂದರೆ ಪಕ್ಕದ ಹೊಲದವರನ್ನು ಕರೆಯುತ್ತಾನೆ: ‘ಕಾಕಾ, ನೀವೂ ಒಂದ್ ಕಾಳ ಕಡದ ನೋಡ್ರಿ.’

ಗಣಿತದ ಕಣ್ಣಿಗೆ, ಕೋರ್ಟಿನಲ್ಲಿ ಸಾಮಾನ್ಯ ಜನ ಕೂತು ತೀರ್ಪು ಹೇಳುವ ಜ್ಯೂರಿಯೂ ಇಷ್ಟೇ. 1785ರಲ್ಲಿ ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ ಇದರ ಲೆಕ್ಕ ಹಾಕಿದ. ಒಬ್ಬೊಬ್ಬರ ಊಹೆಯೂ ನೂರಕ್ಕೆ 60 ಸಲ ಸರಿ ಎಂದುಕೊಳ್ಳಿ. ಮೂವರನ್ನು ಕೇಳಿ ಬಹುಮತ ಹಿಡಿದರೆ ಅದು ಸುಮಾರು 65ಕ್ಕೆ ಏರುತ್ತದೆ, ಒಂಬತ್ತು ಮಂದಿಯನ್ನು ಕೇಳಿದರೆ 73ಕ್ಕೆ. ಒಬ್ಬೊಬ್ಬರೂ 70 ಸಲ ಸರಿ ಹೇಳುವವರಾದರೆ ಒಂಬತ್ತು ಮಂದಿಯ ಬಹುಮತ 90 ಸಲ ಸರಿ; ಒಬ್ಬರೇ ಕೂತು 80 ಸಲ ಸರಿ ಹೇಳುವ ಜಾಣ ನ್ಯಾಯಾಧೀಶರನ್ನೂ ಅದು ಮೀರಿಸುತ್ತದೆ. ಆದರೆ ಒಬ್ಬೊಬ್ಬರೂ 40 ಸಲ ಮಾತ್ರ ಸರಿ ಇರುವವರಾದರೆ ಲೆಕ್ಕ ತಿರುವುಮುರುವು: ಒಂಬತ್ತು ಮಂದಿ ಸೇರಿದರೆ 27ಕ್ಕೆ ಇಳಿಯುತ್ತದೆ.

ಇನ್ನೊಂದು ಷರತ್ತಿದೆ, ನನಗೆ ಮುಖ್ಯವಾಗಿ ಕಾಣುವುದು ಅದೇ. ಪ್ರತಿಯೊಬ್ಬರೂ ತಮ್ಮ ಕಾಳನ್ನು ತಾವೇ ಕಡಿಯಬೇಕು. ಕಾಕಾನ ಮುಖ ನೋಡಿ ಉಳಿದ ಎಂಟು ಮಂದಿ ಗೋಣು ಹಾಕಿದರೆ, ಅಲ್ಲಿ ಇರುವುದು ಒಂದೇ ಅಭಿಪ್ರಾಯ.

ಅಮೆರಿಕದಲ್ಲಿ ಆರೋಪಿಗೆ ಜ್ಯೂರಿ ಬೇಡವೆಂದು ನ್ಯಾಯಾಧೀಶರ ಮುಂದೆಯೇ ವಿಚಾರಣೆ ಕೇಳಲು ಅವಕಾಶವಿದೆ, ಕೆಲವು ಕಡೆ ಸರ್ಕಾರಿ ವಕೀಲರೂ ಒಪ್ಪಬೇಕು. ಕಾಲ್ವೆನ್ ಮತ್ತು ಝೈಸೆಲ್ ಎಂಬ ಸಂಶೋಧಕರು ಅಲ್ಲಿನ 3,576 ಪ್ರಕರಣಗಳನ್ನು ತೆಗೆದುಕೊಂಡು, ಜ್ಯೂರಿ ಇರದಿದ್ದರೆ ನೀವೇನು ತೀರ್ಪು ಕೊಡುತ್ತಿದ್ದಿರಿ ಎಂದು ಆಯಾ ನ್ಯಾಯಾಧೀಶರನ್ನೇ ಕೇಳಿದರು. 1966ರಲ್ಲಿ ಅವರು ಪ್ರಕಟಿಸಿದಂತೆ, ನಾಲ್ಕರಲ್ಲಿ ಮೂರಕ್ಕಿಂತ ತುಸು ಹೆಚ್ಚು ಪ್ರಕರಣಗಳಲ್ಲಿ ಇಬ್ಬರದೂ ಒಂದೇ ಮಾತು. ಭಿನ್ನವಾದಾಗ ಹೆಚ್ಚಾಗಿ ಜ್ಯೂರಿಯೇ ಮೆತ್ತಗೆ.

ನಮ್ಮಲ್ಲಿ ಆಯ್ಕೆ ಆರೋಪಿಯ ಕೈಯಲ್ಲಿ ಇರಲೇ ಇಲ್ಲ. 1956ರ ನವೆಂಬರ್ 1ರವರೆಗೆ ಅಣ್ಣಿಗೇರಿ ಮುಂಬೈ ಆಡಳಿತದಲ್ಲಿತ್ತು. ಯಾವ ಜಿಲ್ಲೆಯಲ್ಲಿ, ಯಾವ ಅಪರಾಧಕ್ಕೆ ಜ್ಯೂರಿ ಎಂಬುದನ್ನು 1898ರ ದಂಡಪ್ರಕ್ರಿಯಾ ಸಂಹಿತೆಯಡಿ ಸರ್ಕಾರವೇ ಆಜ್ಞೆ ಹೊರಡಿಸಿ ಗೊತ್ತುಮಾಡುತ್ತಿತ್ತು. ಸೆಷನ್ಸ್ ಕೋರ್ಟಿನ ಜ್ಯೂರಿ ಬೆಸ ಸಂಖ್ಯೆಯಲ್ಲೇ ಇರಬೇಕಿತ್ತು, ಒಂಬತ್ತು ದಾಟುವಂತಿರಲಿಲ್ಲ. ಉಳಿದ ಕಡೆ ಅಸೆಸರುಗಳು ಕೂರುತ್ತಿದ್ದರು. ಅವರ ಅಭಿಪ್ರಾಯ ಕೇಳಿಯೂ ನ್ಯಾಯಾಧೀಶರು ಬದಿಗಿಡಬಹುದಿತ್ತು. ಕಾಳು ಕಡಿಸಿ, ಉತ್ತರ ಕೇಳಿ, ‘ಇರಲಿ ಬಿಡ್ರಿ’ ಅಂದ ಹಾಗೆ.

ಮುಂಬೈಯಲ್ಲಿ 1959ರಲ್ಲಿ ನೌಕಾಪಡೆಯ ಕಮಾಂಡರ್ ನಾನಾವತಿ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ. ಒಂಬತ್ತು ಮಂದಿಯ ಜ್ಯೂರಿ 8–1ರಿಂದ ‘ನಿರಪರಾಧಿ’ ಎಂದಿತು. ನ್ಯಾಯಾಧೀಶ ಮೆಹ್ತಾ ಒಪ್ಪದೆ ಪ್ರಕರಣವನ್ನು ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟ್ ಜೀವಾವಧಿ ಶಿಕ್ಷೆ ವಿಧಿಸಿತು, 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ‘ಬ್ಲಿಟ್ಜ್’ ವಾರಪತ್ರಿಕೆ ನಾನಾವತಿಯ ಪರವಾಗಿ ಊರನ್ನೇ ಎಬ್ಬಿಸಿತ್ತು. ಅದರ ನಡುವೆ ಕೂತ ಒಂಬತ್ತು ಮಂದಿಯನ್ನು ಒಂಬತ್ತು ಎಂದು ಎಣಿಸಬಹುದೇ? ತಪ್ಪೆಲ್ಲ ಅವರದೇ ಎನ್ನುವಂತೆಯೂ ಇಲ್ಲ. ಜ್ಯೂರಿಗೆ ನ್ಯಾಯಾಧೀಶರು ಕೊಟ್ಟ ವಿವರಣೆಯಲ್ಲೇ ಲೋಪಗಳಿದ್ದವೆಂದು ಮೇಲಿನ ಕೋರ್ಟುಗಳು ಹೇಳಿದವು. (ಇದೇ ದೇಶದ ಕೊನೆಯ ಜ್ಯೂರಿ ವಿಚಾರಣೆ ಎಂಬುದು ಸಿನಿಮಾದವರ ಮಾತು. ಆಮೇಲೂ ಕೆಲವು ಕಡೆ ನಡೆದಿವೆ.) 1973ರ ಹೊಸ ದಂಡಪ್ರಕ್ರಿಯಾ ಸಂಹಿತೆ ಜ್ಯೂರಿಯನ್ನು ಕೈಬಿಟ್ಟಿತು.

ಕಾಂಡೋರ್ಸೆಯ ಲೆಕ್ಕ ಮಾತ್ರ ಕೋರ್ಟು ಬಿಟ್ಟು ಹೋಗಲಿಲ್ಲ, ನ್ಯಾಯಪೀಠಕ್ಕೆ ಹತ್ತಿ ಕೂತಿತು. ಅದೇ 1973ರ ಏಪ್ರಿಲ್ 24ರಂದು, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಹದಿಮೂರು ನ್ಯಾಯಮೂರ್ತಿಗಳು 7–6ರಿಂದ ತೀರ್ಪು ಕೊಟ್ಟರು. ಹದಿಮೂರು ಮಂದಿಯಿಂದ ಬಂದದ್ದು ಹನ್ನೊಂದು ಬೇರೆ ಬೇರೆ ತೀರ್ಪುಗಳು.