ನಿಲ್ಲದ ನಾದಕ್ಕೆ ಗಣಕದ ವಿನ್ಯಾಸ

ಮೃದಂಗ, ತಬಲಾ, ಗಂಟೆ ಮೊದಲಾದವುಗಳಲ್ಲಿ ಪೆಟ್ಟು ಬಿದ್ದೊಡನೆ ನಾದವು ಹುಟ್ಟಿ, ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಅಡಗುವುದು. ಶ್ರುತಿಪೆಟ್ಟಿಗೆಯಲ್ಲಿ ಹಾಗಲ್ಲ, ತಿದಿಯಲ್ಲಿ ಗಾಳಿಯಿರುವವರೆಗೆ ನಾದವು ಎಡೆಬಿಡದೆ ಹರಿಯುತ್ತಲೇ ಇರುವುದು. ನಾದವನ್ನು ಹುಟ್ಟಿಸುವುದು ಒಂದು ಕೆಲಸ. ಹುಟ್ಟಿದ ನಾದವನ್ನು ತಿದ್ದುತ್ತ ನಡೆಸುವುದು ಇನ್ನೊಂದು ಕೆಲಸ. ನಮಗೆ ಸಹಜವಾಗಿ ತೋರುವ ಈ ಭೇದವನ್ನು ಗಣಕಯಂತ್ರಕ್ಕೆ ತಿಳಿಯಪಡಿಸುವುದು ಮಾತ್ರ ಅಷ್ಟು ಸುಲಭವಲ್ಲ. ‘ಲೈವ್ ಕೋಡಿಂಗ್’ ಎಂಬ ಹೊಸ ಸಂಗೀತಪದ್ಧತಿಯಲ್ಲಿ ಈ ತೊಡಕು ಹೇಗೆ ಎದುರಾಗುವುದು, ಅದನ್ನು ಹೇಗೆ ಬಿಡಿಸುವರು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಈ ಪದ್ಧತಿಯಲ್ಲಿ ಕಲಾವಿದನು ಸಭಿಕರ ಸಮ್ಮುಖದಲ್ಲಿಯೇ ಕುಳಿತು ಗಣಕಕ್ಕೆ ಆಜ್ಞೆಗಳನ್ನು ಬರೆಯುತ್ತಾನೆ. ಬರೆದಂತೆಲ್ಲ ಸಂಗೀತವು ಹೊಮ್ಮುತ್ತದೆ. ಬರೆಯುವುದು ಎಲ್ಲರಿಗೂ ಕಾಣಲೆಂದು ಪರದೆಯ ಮೇಲೆ ಅದನ್ನು ಬಿಂಬಿಸುವ ವಾಡಿಕೆಯುಂಟು. 2004ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಇಂಥವರ ಕೂಟವೊಂದು ‘ಟಾಪ್‌ಲ್ಯಾಪ್’ ಎಂಬ ಹೆಸರಿನಿಂದ ರೂಪುಗೊಂಡಿತು. ಇಂಗ್ಲೆಂಡಿನ ಅಲೆಕ್ಸ್ ಮೆಕ್ಲೀನ್ ಅವರು 2009ರ ಸುಮಾರಿಗೆ ಆರಂಭಿಸಿದ ‘ಟೈಡಲ್’ ಎಂಬ ಭಾಷೆ ಇದರಲ್ಲಿ ಬಹಳ ಬಳಕೆಯಲ್ಲಿದೆ. ಟೈಡಲ್ ತಾನೇ ಧ್ವನಿ ಮಾಡುವುದಿಲ್ಲ. ಯಾವ ಕ್ಷಣದಲ್ಲಿ ಏನಾಗಬೇಕೆಂಬುದನ್ನು ಮಾತ್ರ ಗೊತ್ತುಮಾಡಿ, ಧ್ವನಿಯ ಕಾರ್ಯವನ್ನು ‘ಸೂಪರ್‌ಕೊಲೈಡರ್’ ಎಂಬ ಮತ್ತೊಂದು ವ್ಯವಸ್ಥೆಗೆ ಒಪ್ಪಿಸುತ್ತದೆ. ಇದನ್ನು 1996ರಲ್ಲಿ ಹೊರತಂದವರು ಜೇಮ್ಸ್ ಮೆಕಾರ್ಟ್ನಿ.

ಟೈಡಲ್ ಭಾಷೆಯಲ್ಲಿ ಎಲ್ಲವೂ ಆವರ್ತಗಳ ಲೆಕ್ಕ. ಒಂದು ಆವರ್ತವು ಎರಡು ಸೆಕೆಂಡಿನದೆಂದು ಇಟ್ಟುಕೊಳ್ಳೋಣ. ನಾಲ್ಕು ಪದಗಳನ್ನು ಬರೆದರೆ ತಲಾ ಅರ್ಧ ಸೆಕೆಂಡು. ಅವುಗಳಲ್ಲಿ ಒಂದರ ಸ್ಥಾನದಲ್ಲಿ ಎರಡನ್ನು ಕಂಸದೊಳಗೆ ಕೂಡಿಸಿದರೆ, ಆ ಎರಡಕ್ಕೆ ತಲಾ ಕಾಲು ಸೆಕೆಂಡು. ತಾಳದ ಪಾಠವಾದವರಿಗೆ ಇದು ಹೊಸತೆನಿಸದು. ಹಾಗೆನಿಸದಿರುವುದಕ್ಕೆ ಕಾರಣವೂ ಇದೆ. ಲಖನೌ ಪರಂಪರೆಯ ತಬಲಾ ಬೋಲುಗಳನ್ನು ಅಭ್ಯಸಿಸುವುದಕ್ಕಾಗಿ 1980ರ ದಶಕದಲ್ಲಿ ಬರ್ನಾರ್ಡ್ ಬೆಲ್ ಮತ್ತು ಜಿಮ್ ಕಿಪ್ಪೆನ್ ಎಂಬ ವಿದ್ವಾಂಸರು ರೂಪಿಸಿದ ‘ಬೋಲ್ ಪ್ರೊಸೆಸರ್’ ಎಂಬ ಕ್ರಮವಿಧಿಯಿಂದ ಟೈಡಲ್‌ನ ಬರಹಕ್ರಮಕ್ಕೆ ಪ್ರೇರಣೆ ದೊರೆಯಿತು. ಅಂದಮೇಲೆ ಈ ಲಿಪಿಯು ಮೂಲತಃ ಪೆಟ್ಟುಗಳ ಲಿಪಿ. ಅದರ ಬಲವೂ ಅಲ್ಲಿದೆ, ಮಿತಿಯೂ ಅಲ್ಲಿಯೇ ಇದೆ.

ಹೇಗೆಂದರೆ, ಸಾಮಾನ್ಯ ಏರ್ಪಾಡಿನಲ್ಲಿ ವಿನ್ಯಾಸದ ಒಂದೊಂದು ಪದಕ್ಕೂ ಒಂದೊಂದು ಹೊಸ ಸಿಂಥಸೈಜರ್ ಹುಟ್ಟುತ್ತದೆ. ತನ್ನ ಪಾಲಿನ ಧ್ವನಿಯನ್ನು ಮುಗಿಸಿ ಅಳಿಯುತ್ತದೆ. ಡೋಲಿನ ಪೆಟ್ಟಿಗೆ ಇದು ತಕ್ಕುದೇ. ಆದರೆ ದೀರ್ಘವಾದ ನಾದವೊಂದು ಮೆಲ್ಲಮೆಲ್ಲನೆ ಪ್ರಖರವಾಗುತ್ತ, ಮಂದವಾಗುತ್ತ ಸಾಗಬೇಕಾದರೆ ಈ ಏರ್ಪಾಡು ಸೋಲುತ್ತದೆ. ಹೊಸದಾಗಿ ಹುಟ್ಟಿದ ಸಿಂಥಸೈಜರಿಗೆ ಹಿಂದಿನದರ ನೆನಪಿಲ್ಲ. ಅದರ ಕಂಪನವು ಮೊದಲಿನಿಂದ ಆರಂಭವಾಗುತ್ತದೆ. ಹಿಂದಿನ ಸ್ವರ ಯಾವುದೆಂದು ಅರಿಯದ ಕಾರಣ ಅದಕ್ಕೆ ಜಾರು ಸಾಧ್ಯವಿಲ್ಲ. ಒಂದೊಂದು ಸ್ವರಕ್ಕೂ ಹಾರ್ಮೋನಿಯಂ ಪೆಟ್ಟಿಗೆಯನ್ನೇ ಬದಲಾಯಿಸುತ್ತ ಕುಳಿತಂತೆ!

ಪರಿಹಾರವು ತತ್ತ್ವದಲ್ಲಿ ಸರಳ. ಸೂಪರ್‌ಕೊಲೈಡರ್‌ನ ಧ್ವನಿಯಂತ್ರಕ್ಕೆ ‘ಹೊಸತನ್ನು ಹುಟ್ಟಿಸು’, ‘ಇರುವುದನ್ನು ತಿದ್ದು’, ‘ಇರುವುದನ್ನು ಕೊನೆಗಾಣಿಸು’ ಎಂಬ ಮೂರು ಬೇರೆ ಬೇರೆ ಆಜ್ಞೆಗಳುಂಟು. ಮೊದಲನೆಯದನ್ನು ಒಂದೇ ಒಂದು ಸಲ ಕೊಟ್ಟು, ಹುಟ್ಟಿದ ಸಿಂಥಸೈಜರಿಗೆ ಗುರುತಿನ ಹೆಸರನ್ನಿಡಬೇಕು. ಆಮೇಲೆ ಟೈಡಲ್‌ನ ವಿನ್ಯಾಸದಿಂದ ಬರುವ ಸಂದೇಶಗಳನ್ನು ಹುಟ್ಟಿಸುವ ಬಾಗಿಲಿಗೆ ಕಳುಹಿಸದೆ, ತಿದ್ದುವ ಬಾಗಿಲಿಗೆ ತಿರುಗಿಸಬೇಕು. ಆಗ ಲಿಪಿ ಅದೇ, ಅರ್ಥ ಬೇರೆ. 200, 800, 400, 1600 ಎಂದು ಬರೆದರೆ ನಾಲ್ಕು ಪೆಟ್ಟುಗಳಾಗುವುದಿಲ್ಲ. ಹರಿಯುತ್ತಿರುವ ಒಂದೇ ನಾದದ ಫಿಲ್ಟರು ಅರ್ಧ ಸೆಕೆಂಡಿಗೊಮ್ಮೆ ತನ್ನ ಸ್ಥಾನವನ್ನು ಬದಲಿಸುತ್ತದೆ. ಹೆಸರಿಡುವುದರಿಂದ ಇನ್ನೊಂದು ಲಾಭ: ಅದೇ ಸಾಲನ್ನು ಮರೆತು ಎರಡನೆಯ ಸಲ ಚಾಲೂ ಮಾಡಿದರೂ ಹಳೆಯದರ ಜಾಗಕ್ಕೆ ಹೊಸತು ಬರುವುದೇ ಹೊರತು, ಎರಡು ನಾದಗಳು ಒಂದರ ಮೇಲೊಂದು ಕೂಗಲಾರವು.

ಇಷ್ಟರಿಂದಲೇ ಕಾರ್ಯವು ಮುಗಿಯಲಿಲ್ಲ. ಫಿಲ್ಟರು 400ರಿಂದ 1600ಕ್ಕೆ ಒಮ್ಮೆಗೇ ಜಿಗಿದರೆ ಕಿವಿಗೆ ಎಡವಿದಂತಾಗುವುದು. ಆದಕಾರಣ ಧ್ವನಿಯಂತ್ರದ ಒಳಗಡೆ ‘ಲ್ಯಾಗ್’ ಎಂಬ ಸಣ್ಣ ಅಂಗವನ್ನು ಸೇರಿಸುವರು. ಹೊಸ ಬೆಲೆಯು ಬಂದಾಗ ಅದು ಹಳೆಯದರಿಂದ ಹೊಸದಕ್ಕೆ, ಗೊತ್ತಾದ ಅವಧಿಯಲ್ಲಿ, ನಯವಾಗಿ ಕೊಂಡೊಯ್ಯುತ್ತದೆ. ಈ ಅವಧಿಯನ್ನು ಆರಿಸುವಲ್ಲಿಯೇ ಕಲಾವಿದನ ವಿವೇಕವಿರುವುದು. ಅರ್ಧ ಸೆಕೆಂಡಿಗೊಂದು ಬೆಲೆ ಬರುವಲ್ಲಿ ಲ್ಯಾಗ್ ಸೆಕೆಂಡಿನ ಹತ್ತನೆಯ ಒಂದಂಶವಿದ್ದರೆ ನಾಲ್ಕೂ ಮೆಟ್ಟಿಲುಗಳು ಸ್ಪಷ್ಟವಾಗಿ ಕೇಳಿಸುವುವು. ಅದನ್ನೇ ಎರಡು ಸೆಕೆಂಡಿಗೆ ಹೆಚ್ಚಿಸಿದರೆ ಒಂದು ಬೆಲೆಯನ್ನು ಪೂರ್ತಿ ಮುಟ್ಟುವ ಮೊದಲೇ ಮತ್ತೊಂದರ ಕಡೆಗೆ ತಿರುಗಬೇಕಾಗಿ, ಬರೆದ ವಿನ್ಯಾಸವು ಮಸುಕಾಗುವುದು.

ಅಲೆಯಂತೆ ಏರಿಳಿಯುವ ವಿನ್ಯಾಸಗಳೂ ಟೈಡಲ್‌ನಲ್ಲಿವೆ. ಇವಕ್ಕೆ ಆದಿಯೂ ಅಂತ್ಯವೂ ಇಲ್ಲದ ಕಾರಣ ಹಾಗೆಯೇ ಸಂದೇಶವಾಗಿ ಕಳುಹಿಸಲಾಗದು; ಆವರ್ತಕ್ಕೆ ಇಷ್ಟು ಎಂದು ಕತ್ತರಿಸಿಯೇ ಕಳುಹಿಸಬೇಕು. ಎರಡು ಸೆಕೆಂಡಿನ ಆವರ್ತಕ್ಕೆ 16 ತುಂಡುಗಳೆಂದರೆ ಸೆಕೆಂಡಿಗೆ 8 ಬೆಲೆಗಳು. ಧ್ವನಿಯಂತ್ರವಾದರೋ ಸಾಮಾನ್ಯವಾಗಿ 64 ಮಾದರಿಗಳಿಗೊಮ್ಮೆ ತನ್ನ ನಿಯಂತ್ರಣದ ಬೆಲೆಗಳನ್ನು ನವೀಕರಿಸುವುದು. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ ಇದು ಸುಮಾರು 689 ಸಲ. ಎಂಟಕ್ಕೂ ಆರುನೂರ ಎಂಬತ್ತೊಂಬತ್ತಕ್ಕೂ ನಡುವಣ ಬರಿದನ್ನು ತುಂಬುವುದು ಅದೇ ಲ್ಯಾಗ್. ಸಂದೇಶಗಳ ಸಂಖ್ಯೆಯನ್ನು ವಿಪರೀತ ಹೆಚ್ಚಿಸುವುದಕ್ಕಿಂತ ಈ ಉಪಾಯವೇ ಲೇಸೆಂದು ನನಗೆ ತೋರುತ್ತದೆ.

ಇನ್ನು ಎಲ್ಲಕ್ಕಿಂತ ಸೂಕ್ಷ್ಮವಾದ ಸಂಗತಿಯು ವಿರಾಮಕ್ಕೆ ಸಂಬಂಧಿಸಿದುದು. ಪೆಟ್ಟಿನ ಲಿಪಿಯಲ್ಲಿ ವಿರಾಮಚಿಹ್ನೆಯೆಂದರೆ ಮೌನ. ತಿದ್ದುವ ಲಿಪಿಯಲ್ಲಿ ಅದೇ ಚಿಹ್ನೆಗೆ ‘ಸಂದೇಶವಿಲ್ಲ’ ಎಂದಷ್ಟೇ ಅರ್ಥ. ಸಂದೇಶ ಬಾರದಿದ್ದರೆ ನಾದವು ಹಿಂದೆ ಇದ್ದಂತೆಯೇ ಮುಂದುವರಿಯುವುದು. ಬರೆದವನು ಮೌನವನ್ನು ಬಯಸಿದಲ್ಲಿ ಹಿಡಿದಿಟ್ಟ ಸ್ವರವು ಕೇಳಿಸುವುದು. ದಾರಿಯಲ್ಲಿ ಸಂದೇಶವೊಂದು ಕಳೆದುಹೋದರೂ ಇದೇ ಗತಿ. ಆದ್ದರಿಂದ ಮೌನ ಬೇಕಾದಲ್ಲಿ ನಾದದ ಪ್ರಮಾಣವು ಸೊನ್ನೆಯೆಂದು ಅಂಕಿಯಲ್ಲಿಯೇ ಬರೆಯಬೇಕು. ಟೈಡಲ್‌ನಲ್ಲಿ ಎಲ್ಲ ವಿನ್ಯಾಸಗಳನ್ನೂ ನಿಲ್ಲಿಸುವ ‘ಹಷ್’ ಎಂಬ ಆಜ್ಞೆಯುಂಟು. ಅದು ನಿಲ್ಲಿಸುವುದು ಸಂದೇಶಗಳನ್ನು, ಸಿಂಥಸೈಜರನ್ನಲ್ಲ. ಕಛೇರಿಯ ಕೊನೆಯಲ್ಲಿ ಇದನ್ನೊಂದನ್ನೇ ನಂಬಿದವನ ಡೋಲುಗಳು ಸುಮ್ಮನಾಗುವುವು. ಶ್ರುತಿಯು ಮಾತ್ರ ಸಭಾಭವನದಲ್ಲಿ ಮೊರೆಯುತ್ತಲೇ ಇರುವುದು. ಸೂಪರ್‌ಕೊಲೈಡರ್‌ನಲ್ಲಿ ಸಕಲವನ್ನೂ ತಟ್ಟನೆ ಕತ್ತರಿಸುವ ಆಜ್ಞೆ ಇದೆಯಾದರೂ, ಅದನ್ನು ಬಳಸಿದರೆ ನಾದವು ಕಡಿದುಬೀಳುವುದು. ಬಲ್ಲವರು ಮೊದಲು ಪ್ರಮಾಣವನ್ನು ಸೊನ್ನೆಗಿಳಿಸಿ, ಲ್ಯಾಗ್‌ನ ಅವಧಿ ಕಳೆಯುವವರೆಗೆ ತಾಳಿ, ಬಳಿಕ ಆ ಸಿಂಥಸೈಜರನ್ನು ಅದರ ಹೆಸರು ಹಿಡಿದು ಕೊನೆಗಾಣಿಸುವರು.