ಯಾಣ–ವಿಭೂತಿ: ಎಕ್ಕಂಬಿಯಿಂದ ಒಂದು ದಿನದ ಕುಟುಂಬ ಪ್ರವಾಸ

ಸಂಸಾರದ ಜಂಜಾಟದಲ್ಲಿ ನಿರತರಾದ ಗೃಹಸ್ಥರಿಗೆ ವರ್ಷದಲ್ಲಿ ಒಂದು ದಿನವಾದರೂ ಮಡದಿ ಮಕ್ಕಳು ಹಾಗೂ ವೃದ್ಧ ತಂದೆತಾಯಿಗಳೊಡನೆ ನಿಸರ್ಗದ ಮಡಿಲಲ್ಲಿ ಕಳೆಯುವ ಯೋಗ ಲಭಿಸಬೇಕು. ದೂರದ ಪ್ರವಾಸಕ್ಕೆ ಹಣವೂ ಬೇಕು, ಬಿಡುವೂ ಬೇಕು. ಆದರೆ ಶಿರಸಿ ತಾಲೂಕಿನ ಎಕ್ಕಂಬಿ ಮತ್ತು ಸುತ್ತಲಿನ ಗ್ರಾಮಗಳ ಕುಟುಂಬಗಳಿಗೆ ಆ ಚಿಂತೆ ಬೇಡ. ಟ್ಯಾಕ್ಸಿಯೊಂದನ್ನು ಗೊತ್ತುಮಾಡಿಕೊಂಡು ಮುಂಜಾನೆ ಹೊರಟರೆ, ಯಾಣದ ಶಿಖರಗಳನ್ನೂ ವಿಭೂತಿ ಜಲಪಾತದ ಕೊಳವನ್ನೂ ಕಂಡು ರಾತ್ರಿಯ ಊಟಕ್ಕೆ ಮನೆ ಸೇರಬಹುದು.

ಬೆಂಕಿಯ ಕೊಳ, ನೀರಿನ ಕೊಳ

ಪೋರ್ಚುಗಲ್ ದೇಶಕ್ಕೆ ಸೇರಿದ ಮದೀರಾ ದ್ವೀಪದಲ್ಲಿ ಪೋರ್ಟೊ ಮೊನಿಜ್ ಎಂಬ ಊರಿದೆ. ಹಿಂದೆ ಜ್ವಾಲಾಮುಖಿಯಿಂದ ಹೊರಟ ಲಾವಾ ಸಮುದ್ರದ ಅಂಚಿನಲ್ಲಿ ಹೆಪ್ಪುಗಟ್ಟಿ, ಅಲ್ಲಿ ಕಲ್ಲಿನ ಕೊಳಗಳು ಉಂಟಾಗಿವೆ. ಅಲೆಗಳು ತಂದು ತುಂಬುವ ಉಪ್ಪುನೀರಿನಲ್ಲಿ ಪ್ರವಾಸಿಗರು ಈಜುತ್ತಾರೆ. ನಮ್ಮ ನಾಡಿನಲ್ಲಿಯೂ ಜ್ವಾಲಾಮುಖಿಯ ಶಿಲೆಗಳಿಲ್ಲದೆ ಇಲ್ಲ. ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬದಂತಹ ಕಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾದಿಂದ ರೂಪುಗೊಂಡವು.

ಯಾಣದ ಕರಿಬಂಡೆಗಳನ್ನು ನೋಡಿದವರು ಅವೂ ಬೆಂಕಿಯಲ್ಲಿ ಬೆಂದವೆಂದೇ ಭಾವಿಸುವುದು ಸಹಜ. ಭಸ್ಮಾಸುರನು ಇಲ್ಲಿಯೇ ಸುಟ್ಟು ಬೂದಿಯಾದನೆಂಬ ಐತಿಹ್ಯಕ್ಕೆ ಇಲ್ಲಿನ ಕಪ್ಪು ಮಣ್ಣೇ ಸಾಕ್ಷಿಯೆಂದು ಜನ ನಂಬುತ್ತಾರೆ. ಭೂವಿಜ್ಞಾನದ ದೃಷ್ಟಿಯಲ್ಲಿ ಇವು ಸುಣ್ಣಶಿಲೆಗಳು. ಮಳೆಯ ನೀರು ಗಾಳಿಯಲ್ಲಿರುವ ಮತ್ತು ಮಣ್ಣಿನಲ್ಲಿರುವ ಇಂಗಾಲಾಮ್ಲವನ್ನು ಹೀರಿ ಸೌಮ್ಯವಾದ ಆಮ್ಲವಾಗುತ್ತದೆ; ಯುಗಯುಗಗಳಿಂದ ಸುಣ್ಣಕಲ್ಲನ್ನು ಕರಗಿಸುತ್ತ ಶಿಖರಗಳನ್ನೂ ಗವಿಗಳನ್ನೂ ಕೊರೆಯುತ್ತದೆ. ಭೈರವೇಶ್ವರ ಶಿಖರದ ಎತ್ತರ ಸುಮಾರು 120 ಮೀಟರ್, ಮೋಹಿನಿ ಶಿಖರದ್ದು ಸುಮಾರು 90 ಮೀಟರ್. ಶಿಖರದ ಕೆಳಗಿನ ಗವಿಯಲ್ಲಿ ಸ್ವಯಂಭೂ ಲಿಂಗವಿದ್ದು, ಶಿವರಾತ್ರಿಯಂದು ಇಲ್ಲಿ ಜಾತ್ರೆ ನೆರೆಯುತ್ತದೆ.

ಯಾಣದಿಂದ ಅನತಿದೂರದ ವಿಭೂತಿ ಜಲಪಾತಕ್ಕೆ ಆ ಹೆಸರು ಬಂದದ್ದು ಸುತ್ತಲಿನ ಸುಣ್ಣಕಲ್ಲಿನಿಂದ ಎಂಬುದು ರೂಢಿಯ ಮಾತು. ನಿತ್ಯ ಭಸ್ಮಧಾರಣೆ ಮಾಡುವ ನಮ್ಮವರಿಗೆ ಆ ಹೆಸರೇ ಒಂದು ಆಕರ್ಷಣೆ. ಬಂಡೆಗಳ ಮೇಲಿಂದ ಹಂತಹಂತವಾಗಿ ಇಳಿಯುವ ನೀರು ಕೆಳಗೆ ಕೊಳವಾಗಿ ನಿಲ್ಲುತ್ತದೆ.

ಟ್ಯಾಕ್ಸಿ ಗೊತ್ತುಮಾಡುವಾಗ

"ಸೊಕ್ಕಿದ್ದವರಿಗೆ ಯಾಣ, ರೊಕ್ಕಿದ್ದವರಿಗೆ ಗೋಕರ್ಣ" ಎಂಬ ಗಾದೆ ಈ ಭಾಗದಲ್ಲಿ ಪ್ರಸಿದ್ಧ. ದುರ್ಗಮ ಕಾಡಿನಲ್ಲಿ ನಡೆದೇ ಹೋಗಬೇಕಾಗಿದ್ದ ಕಾಲದ ಮಾತಿದು. ಈಗ ಶಿಖರಗಳ ಸಮೀಪದವರೆಗೆ ವಾಹನ ಹೋಗುತ್ತದೆ. ಆದರೂ ಬಳಿಕ ಕಾಡುಹಾದಿಯಲ್ಲಿ ನಡೆದು ಮೆಟ್ಟಿಲೇರಬೇಕಾದುದರಿಂದ ಮೊಣಕಾಲು ನೋವಿನ ಹಿರಿಯರು ನಿಧಾನವಾಗಿ ಸಾಗುವುದು ಕ್ಷೇಮ.

ಶಿರಸಿಯಿಂದ ಯಾಣಕ್ಕೆ ಸುಮಾರು 40 ಕಿ.ಮೀ. ದೂರ. ಎಕ್ಕಂಬಿಯಿಂದ ಶಿರಸಿಯವರೆಗಿನ ದಾರಿಯನ್ನೂ, ಯಾಣದಿಂದ ವಿಭೂತಿಗೆ ಹೋಗಿಬರುವ ದಾರಿಯನ್ನೂ ಸೇರಿಸಿ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಬಾಡಿಗೆ ಕಿಲೋಮೀಟರಿಗೆ ಎಷ್ಟು, ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್ ಹಿಡಿಯುತ್ತಾರೆ, ಮೀಟರು ಟ್ಯಾಕ್ಸಿ ನಿಲ್ದಾಣದಿಂದ ಆರಂಭವೋ ನಮ್ಮ ಮನೆಯಿಂದಲೋ, ಕಾಯುವುದಕ್ಕೆ ಬೇರೆ ಹಣವುಂಟೋ, ಚಾಲಕರ ಭತ್ಯೆ ಒಳಗೊಂಡಿದೆಯೋ ಎಂಬುದನ್ನು ಹೊರಡುವ ಮುನ್ನವೇ ಮಾತಾಡಿಕೊಂಡರೆ ಮರಳಿದ ಮೇಲೆ ವಾದಕ್ಕೆ ಆಸ್ಪದವಿರದು. ಹಳದಿ ಫಲಕದ ವಾಹನವನ್ನೇ ಆರಿಸಬೇಕು. ಆಸನಗಳಿಗಿಂತ ಹೆಚ್ಚು ಜನರನ್ನು ತುಂಬಬಾರದು. ಘಟ್ಟದ ತಿರುವುಗಳಲ್ಲಿ ಅದು ಅಪಾಯಕರ. ಹಾದಿಯನ್ನು ಬಲ್ಲ ಸ್ಥಳೀಯ ಚಾಲಕರು ದೊರೆತರೆ ಅರ್ಧ ಚಿಂತೆ ನೀಗಿದಂತೆಯೇ. ಕಾಡಿನೊಳಗೆ ಮೊಬೈಲು ಕೈಕೊಡುವುದರಿಂದ ಮರಳುವ ಹೊತ್ತನ್ನು ಮನೆಯಲ್ಲಿ ಉಳಿದವರಿಗೆ ತಿಳಿಸಿ ಹೊರಡಬೇಕು.

ಬೆಳಿಗ್ಗೆ ಆರಕ್ಕೆ ಹೊರಟು ಬಿಸಿಲೇರುವ ಮುನ್ನ ಯಾಣ, ಮಧ್ಯಾಹ್ನ ವಿಭೂತಿ, ಕತ್ತಲಾಗುವ ಮುನ್ನ ಘಟ್ಟ ದಾಟುವುದು ಉತ್ತಮ ಕ್ರಮ. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿಯನ್ನೂ ಕುಡಿಯುವ ನೀರನ್ನೂ ಮನೆಯಿಂದಲೇ ಒಯ್ದರೆ ಲೇಸು. ಚಾಲಕರಿಗೂ ಆ ಬುತ್ತಿಯಲ್ಲಿ ಪಾಲಿರಲಿ. ಶಾಲ್ಮಲಾ ನದಿಯ ಸಹಸ್ರಲಿಂಗವನ್ನು ಅದೇ ದಿನಕ್ಕೆ ತುರುಕದೆ ಬೇರೊಂದು ದಿನಕ್ಕೆ ಮೀಸಲಿಡುವುದು ಲೇಸು. ನದಿಯ ನೀರು ಇಳಿದಾಗಲೇ ಬಂಡೆಗಳ ಮೇಲಿನ ಲಿಂಗಗಳು ಚೆನ್ನಾಗಿ ಗೋಚರಿಸುತ್ತವೆ.

ನೀರಿನೊಡನೆ ಸರಸ ಸಲ್ಲದು

ಪ್ರವಾಸಕ್ಕೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಪ್ರಶಸ್ತ. ಮಳೆಗಾಲದಲ್ಲಿ ಉಂಬಳಗಳ ಕಾಟ ಒಂದೆಡೆ, ಏಕಾಏಕಿ ಏರುವ ಹೊಳೆ ಇನ್ನೊಂದೆಡೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರು ಬಲಿಯಾದುದನ್ನು ಈ ಜಿಲ್ಲೆಯವರು ಮರೆಯಲಾರರು.

ಮಳೆ ನಿಂತ ಮೇಲೆಯೂ ಎಚ್ಚರ ತಪ್ಪುವಂತಿಲ್ಲ. 2023ರ ಡಿಸೆಂಬರಿನಲ್ಲಿ ಶಿರಸಿಯ ಸಮೀಪ ಶಾಲ್ಮಲಾ ನದಿಯ ಭೂತನಗುಂಡಿಯಲ್ಲಿ ವಿಹಾರಕ್ಕೆ ಹೋಗಿದ್ದ ಐವರು ನೀರುಪಾಲಾದರು. ಅದು ಮಳೆಗಾಲವಲ್ಲ, ಹೊಳೆ ಶಾಂತವಾಗಿ ಕಾಣುವ ದಿನಗಳೇ. ಮೇಲೆ ತಿಳಿಯಾಗಿ ತೋರುವ ಕೊಳದಲ್ಲಿ ಎರಡು ಹೆಜ್ಜೆಯ ಅಂತರದಲ್ಲಿಯೇ ಆಳುದ್ದದ ಗುಂಡಿ ಇರಬಹುದು. ಪಾಚಿಗಟ್ಟಿದ ಬಂಡೆ ಜಾರುತ್ತದೆ. ನೀರು ಬೀಳುವ ಜಾಗದ ಕೆಳಗೆ ಸೆಳೆತ ಹೆಚ್ಚು.

ಆದುದರಿಂದ ಮನೆಯ ಯಜಮಾನರು ಕೆಲವು ಕಟ್ಟಳೆಗಳನ್ನು ಪಾಲಿಸುವುದು ಅಗತ್ಯ. ಅರಣ್ಯ ಇಲಾಖೆಯವರು ನೀರಿಗಿಳಿಯಬೇಡಿರೆಂದರೆ ಇಳಿಯಲೇಬಾರದು. ಅನುಮತಿಯಿದ್ದರೂ ಮೊಣಕಾಲಿನವರೆಗಿನ ನೀರೇ ಮಕ್ಕಳ ಎಲ್ಲೆ. ಈಜಬಲ್ಲ ಹಿರಿಯರೊಬ್ಬರು ಸದಾ ದಡದಲ್ಲಿದ್ದು ಕಣ್ಣಿಟ್ಟಿರಬೇಕು. ಉದ್ದನೆಯ ಹಗ್ಗವೊಂದನ್ನು ಟ್ಯಾಕ್ಸಿಯಲ್ಲಿ ಒಯ್ಯುವುದು ಭಾರವಲ್ಲ. ಯಾರಾದರೂ ಜಾರಿದರೆ ಒಬ್ಬರ ಹಿಂದೊಬ್ಬರು ಧುಮುಕದೆ ಹಗ್ಗ, ಕೋಲು ಅಥವಾ ಸೀರೆಯ ಸೆರಗನ್ನು ಎಸೆಯಬೇಕು. ಕಾಪಾಡಲು ಹೋದವರೇ ಮುಳುಗುವ ಪ್ರಸಂಗಗಳು ಅಲ್ಪವಲ್ಲ. ಇಷ್ಟಲಿಂಗಧಾರಿಗಳು ಶಿವದಾರ ಗಟ್ಟಿಯಾಗಿದೆಯೇ ಎಂದು ನೋಡಿಕೊಂಡೇ ನೀರಿಗೆ ಇಳಿಯಬೇಕು. ಸೆಳೆತದಲ್ಲಿ ಕಳಚಿದ ಕರಡಿಗೆ ಮತ್ತೆ ಕೈಗೆ ಸಿಗುವುದು ದುರ್ಲಭ.

ಸಾಬೂನನ್ನೂ ಪ್ಲಾಸ್ಟಿಕ್ಕನ್ನೂ ಕೊಳದ ಬಳಿ ಬಿಡದೆ ಮರಳಿ ತರುವುದು ನಮ್ಮ ಕರ್ತವ್ಯ. ಹೊರಟವರೆಲ್ಲರೂ ಕ್ಷೇಮವಾಗಿ ಮನೆಗೆ ಮರಳಿದರೆ ಮಾತ್ರ ಪ್ರವಾಸ ಸಾರ್ಥಕವೆನಿಸುತ್ತದೆ. ಈ ವಿವೇಕವನ್ನು ಬುತ್ತಿಯ ಜೊತೆಗೇ ಕಟ್ಟಿಕೊಂಡು ಹೊರಡುವ ಕುಟುಂಬಕ್ಕೆ ಯಾಣ–ವಿಭೂತಿಗಳ ದರ್ಶನ ಬಹುಕಾಲ ನೆನಪಿನಲ್ಲುಳಿಯುವ ಆನಂದವನ್ನು ನೀಡುವುದರಲ್ಲಿ ಸಂದೇಹವಿಲ್ಲ.