ಮೇಯರ್ ಕಚೇರಿಯಲ್ಲಿ ಧರಣಿ, ಆಯೋಗದಲ್ಲಿ ಕುರ್ಚಿ

1963ರ ಜುಲೈ. ಅಮೆರಿಕದ ಸಿಯಾಟಲ್ ನಗರ. ಕಪ್ಪು ಜನರಿಗೆ ಮನೆ ಕೊಡಲ್ಲ ಅಂತ ಮುಖದ ಮೇಲೆ ಹೇಳಿ ಕಳಿಸ್ತಿದ್ದ ಕಾಲ. ಇದು ನಿಲ್ಲಬೇಕು ಅಂತ ಹರೆಯದ ಹುಡುಗ ಹುಡುಗಿಯರು ಮೇಯರ್ ಕಚೇರಿಯಲ್ಲೇ ಧರಣಿ ಕೂತರು.

ಅದೇ ತಿಂಗಳು ನಗರಕ್ಕೆ ಮಾನವ ಹಕ್ಕುಗಳ ಆಯೋಗ ಬಂತು.

ಮನೆ ಬಾಡಿಗೆ, ಮಾರಾಟದಲ್ಲಿ ಭೇದ ಮಾಡಬಾರದು ಅನ್ನೋ ಕಾನೂನು ಮಾತ್ರ ಸುಲಭಕ್ಕೆ ಬರಲಿಲ್ಲ. 1964ರಲ್ಲಿ ಮತಕ್ಕೆ ಹಾಕಿದಾಗ ಊರಿನ ಜನರೇ ಅದನ್ನ ಸೋಲಿಸಿದರು. ಇದನ್ನ ಓದುವಾಗ ನನಗೆ ಇವತ್ತಿಗೂ ಸಂಕಟ ಆಗುತ್ತೆ. ಕೊನೆಗೆ ಕಾನೂನು ಬಂದಿದ್ದು 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಕೆಲವೇ ದಿನಗಳಿಗೆ.

ಈಗ ಅದೇ ಆಯೋಗದಲ್ಲಿ 18ರಿಂದ 29 ವರ್ಷದವರಿಗೆ ಅಂತಲೇ ಒಂದು ಸ್ಥಾನ ಇದೆ. ಅವಧಿ ಒಂದು ವರ್ಷ. ಸಂಬಳ ಇಲ್ಲ. ಆದರೆ ಮತ ಇದೆ, ಹಿರಿಯ ಸದಸ್ಯರಿಗೆ ಇರುವಷ್ಟೇ!

ಕೆಲಸ? ಸಭೆಗೆ ಮುಂಚೆ ಕಾಗದ ಪತ್ರ ಓದಿಕೊಂಡು ಹೋಗಬೇಕು. ಜನರ ಅಹವಾಲು ಕೇಳಬೇಕು. ಮೇಯರ್‌ಗೂ ನಗರ ಕೌನ್ಸಿಲ್‌ಗೂ ಸಲಹೆ ಕೊಡಬೇಕು. ಆಯೋಗ ತಾನೇ ಕಾನೂನು ಮಾಡಲ್ಲ, ನಿಜ. ಕೌನ್ಸಿಲ್‌ನ ಕಿವಿಗೆ ಬೀಳೋ ಹಾಗೆ ಮಾತಾಡುತ್ತೆ.

ಇದು ನಮಗೆ ದೂರದ ಸುದ್ದಿ ಅಲ್ಲ. 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನ ನಿಷೇಧಿಸಿದ ಅಮೆರಿಕದ ಮೊದಲ ನಗರ ಇದೇ ಸಿಯಾಟಲ್. ಬೆಂಗಳೂರಿನಿಂದ ಹೋದ ಎಷ್ಟೋ ಜನ ಅಲ್ಲಿ ದುಡೀತಾರೆ. ಜಾತಿಯೂ ಜೊತೆಗೇ ವಿಮಾನ ಹತ್ತಿತ್ತು.

ಅಲ್ಲಿ ಓದ್ತಾ ಇರೋ ತಮ್ಮ, ತಂಗಿ, ಆಯೋಗದ ಸಭೆಗೆ ಸಾರ್ವಜನಿಕರು ಯಾರು ಬೇಕಾದರೂ ಹೋಗಬಹುದು. ಮೊದಲು ಒಂದು ಸಂಜೆ ಹೋಗಿ ಕೂತು ಕೇಳಿ.